ಹಿಂಡಿಯ ಡಬ್ಬಿಯೂ ಲೋಕದ ಪಾಕಶಾಲೆಯೂ

ಲೋಕದ ನಾನಾ ದೇಶಗಳ ಪಾಕಪದಗಳನ್ನೂ ಪದಾರ್ಥಗಳನ್ನೂ ಅಕಾರಾದಿಯಾಗಿ ಜೋಡಿಸಿ, ಒಂದೊಂದಕ್ಕೂ ಎರಡು ಮೂರು ಪಂಕ್ತಿಗಳ ವಿವರಣೆಯನ್ನು ಬರೆದ ಕೋಶಗಳು ಈಚಿನ ದಶಕಗಳಲ್ಲಿ ಹೇರಳವಾಗಿ ಹೊರಬಂದಿವೆ. ನನ್ನ ಕಣ್ಣಿಗೆ ಬಿದ್ದ ಅಂತಹ ಕೋಶಗಳಲ್ಲಿ ಈಜಿಪ್ತಿನ ದುಕ್ಕಾ ಉಂಟು, ಟ್ಯುನೀಸಿಯದ ಹರಿಸ್ಸಾ ಉಂಟು, ಇಥಿಯೋಪಿಯದ ಬೆರ್ಬೆರೆ, ಸಿರಿಯದ ಝಾತರ್, ಜಪಾನಿನ ಫುರಿಕಾಕೆ ಎಲ್ಲವೂ ಉಂಟು. ಆದರೆ ಬಾಗಲಕೋಟೆ ಜಿಲ್ಲೆಯ ರಬಕವಿ, ಬನಹಟ್ಟಿ, ತೇರದಾಳಗಳ ಯಾವ ಮನೆಯ ಅಡುಗೆಕೋಣೆಯನ್ನು ಹೊಕ್ಕರೂ ಮೂರು ನಾಲ್ಕು ಡಬ್ಬಿಗಳಲ್ಲಿ ತುಂಬಿಟ್ಟಿರುವ ಹಿಂಡಿ ಎಂಬ ಪದಾರ್ಥಕ್ಕೆ ಅಲ್ಲಿ ಒಂದು ಪಂಕ್ತಿಯ ಎಡೆಯೂ ದೊರೆತಿಲ್ಲ. ಇದನ್ನು ದೂರಿಗಾಗಿ ಹೇಳುತ್ತಿಲ್ಲ; ಕೋಶಕಾರರು ಎಲ್ಲ ಊರುಗಳಿಗೂ ಹೋಗಿ ಉಂಡು ಬರಲಾರರು.

ದುಕ್ಕಾ ಎಂಬುದರ ವಿವರಣೆಯನ್ನು ನೋಡಿರಿ: ಬೀಜಗಳನ್ನೂ ಎಳ್ಳನ್ನೂ ಹುರಿದು, ಕೊತ್ತಂಬರಿ ಕಾಳು, ಜೀರಿಗೆ, ಉಪ್ಪುಗಳೊಡನೆ ತರಿತರಿಯಾಗಿ ಕುಟ್ಟಿ, ಎಣ್ಣೆಯಲ್ಲಿ ಅದ್ದಿದ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಒಣಪುಡಿ. ಇದನ್ನು ರಬಕವಿಯ ಯಾವ ಗೃಹಿಣಿಯ ಮುಂದೆ ಓದಿದರೂ ಆಕೆ, “ಇದ ನಮ್ಮ ಹಿಂಡೀನ ಅಲ್ಲೇನ್ರಿ? ಬಳ್ಳೊಳ್ಳಿ ಹಾಕೋದು ಮರತಾರ ನೋಡ್ರಿ” ಎಂದು ನಗುವುದು ನಿಶ್ಚಯ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ, ಪುಟಾಣಿ ಹಿಂಡಿ: ಇವು ನಾಲ್ಕೂ ಬೇರೆ ಬೇರೆ ಕಾಳುಗಳಿಂದಾದರೂ ವಿಧಾನ ಒಂದೇ. ಕಾಳನ್ನು ಹದವಾಗಿ ಹುರಿದು, ಒಣ ಖಾರ, ಉಪ್ಪು, ಬಳ್ಳೊಳ್ಳಿ, ಜೀರಿಗೆಗಳನ್ನು ಕೂಡಿಸಿ, ಕಾಳಿನೊಳಗಿನ ಎಣ್ಣೆ ಹೊರಗೆ ಒಸರುವವರೆಗೆ ಒಳ್ಳಿನಲ್ಲಿ ಕುಟ್ಟುವುದು. ಹೆಚ್ಚು ಕುಟ್ಟಿದರೆ ಮುದ್ದೆಯಾಗುತ್ತದೆ, ಕಡಿಮೆಯಾದರೆ ಖಾರವೂ ಕಾಳೂ ಒಂದನ್ನೊಂದು ಅರಿಯದೆ ಬೇರೆ ಬೇರೆಯಾಗಿಯೇ ಉಳಿಯುತ್ತವೆ.

ಈ ಡಬ್ಬಿಗಳೊಳಗಿನ ಪದಾರ್ಥಗಳ ಪೂರ್ವೋತ್ತರವನ್ನು ವಿಚಾರಿಸುತ್ತ ಹೋದರೆ ಅವು ಸುಡಾನ್, ಇಥಿಯೋಪಿಯ, ಮೆಕ್ಸಿಕೊ, ಬೊಲಿವಿಯಗಳವರೆಗೂ ನಮ್ಮನ್ನು ಕರೆದೊಯ್ಯುತ್ತವೆ. ನಮ್ಮದೆಂದುಕೊಂಡದ್ದು ಪರದೇಶದ್ದು ಎಂಬ ಆಶ್ಚರ್ಯ ಈಗ ಹಳಸಿದೆ. ಶಾಲೆಯ ಮಕ್ಕಳೂ ಅದನ್ನು ಬಲ್ಲರು. ನನಗೆ ಕುತೂಹಲ ಹುಟ್ಟಿಸಿದುದು ಬೇರೊಂದು ಸಂಗತಿ. ಸಮುದ್ರ ದಾಟಿ ಬಂದ ನೂರು ಪದಾರ್ಥಗಳಲ್ಲಿ ಈ ಸೀಮೆಯ ಅಡುಗೆಮನೆ ಕೆಲವನ್ನು ಒಳಗೆ ಕರೆದು ಮಣೆ ಹಾಕಿ ಕೂಡಿಸಿತು, ಕೆಲವನ್ನು ಪಡಸಾಲೆಯಲ್ಲಿಯೇ ನಿಲ್ಲಿಸಿತು. ಹಾಗೆ ಆರಿಸುವಾಗ ಅದು ಎರಡೇ ಪ್ರಶ್ನೆಗಳನ್ನು ಕೇಳಿದಂತೆ ನನಗೆ ತೋರುತ್ತದೆ: ನೀನು ಬಿಸಿಲಿಗೆ ಒಣಗಿ ವರ್ಷವಿಡೀ ಬಾಳಬಲ್ಲೆಯಾ? ನೀನು ಕೂಡಬೇಕೆಂದಿರುವ ಮಣೆ ಬರಿದಾಗಿದೆಯೇ?

ಈ ಪ್ರಶ್ನೆಗಳು ಯಾವನೋ ಪಾಕಶಾಸ್ತ್ರಜ್ಞನ ಬುದ್ಧಿಯಿಂದ ಹುಟ್ಟಿದವಲ್ಲ, ನೆಲದಿಂದಲೂ ಕಸುಬಿನಿಂದಲೂ ಹುಟ್ಟಿದವು. ಉತ್ತರದಲ್ಲಿ ಕೃಷ್ಣೆ, ಮುಧೋಳದ ಕಡೆಗೆ ಘಟಪ್ರಭೆ, ಹೀಗೆ ನದಿಗಳು ಹರಿದರೂ ಬಾಗಲಕೋಟೆ ಜಿಲ್ಲೆ ಮಳೆಯ ನೆರಳಿನ ಸೀಮೆ. ವರ್ಷಕ್ಕೆ ಬೀಳುವ ಮಳೆ 500ರಿಂದ 600 ಮಿಲಿಮೀಟರುಗಳನ್ನು ಮೀರುವುದು ವಿರಳ. ಎರೆಭೂಮಿ ಆ ಮಳೆಯನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು ಹಿಂಗಾರಿ ಬೆಳೆಗೆ ಉಣಿಸುತ್ತದೆ; ಆಮೇಲೆ ಬರುವುದು ತಿಂಗಳುಗಟ್ಟಲೆ ಬಿಸಿಲು. ಇತ್ತ ರಬಕವಿ ಬನಹಟ್ಟಿಗಳು ನೇಕಾರಿಕೆಯ ಊರುಗಳು. ನೇಕಾರನ ಮನೆಯಲ್ಲಿ ಗಂಡಸು ಕುಣಿಮಗ್ಗದೊಳಗೆ ಕಾಲಿಳಿಸಿ ಕುಳಿತರೆ ಹೆಂಗಸು ಕಂಡಿಕೆ ಸುತ್ತುತ್ತ ಕೂಡಬೇಕು; ಆಕೆಯ ಕೈ ನಿಂತರೆ ಆತನ ಲಾಳಿಯೂ ನಿಲ್ಲುತ್ತದೆ. ಹೊತ್ತುಹೊತ್ತಿಗೆ ಒಲೆಯ ಮುಂದೆ ಕೂತು ಹೊಸದಾಗಿ ಬೇಯಿಸುವ ಅವಕಾಶವಿಲ್ಲದ ಇಂತಹ ಮನೆಗಳಿಗೆ, ಒಮ್ಮೆ ಮಾಡಿಟ್ಟರೆ ವಾರಗಟ್ಟಲೆ ಕೆಡದ ಖಡಕ್ ರೊಟ್ಟಿಯೂ, ತಿಂಗಳುಗಟ್ಟಲೆ ಕೆಡದ ಹಿಂಡಿಯೂ, ಉಳ್ಳಾಗಡ್ಡಿಯೂ ಗಟ್ಟಿ ಮೊಸರೂ ಸೇರಿದರೆ ಊಟವಾಯಿತು. ವಿದ್ಯುನ್ಮಗ್ಗಗಳು ಬಂದ ಮೇಲೆ ಸದ್ದು ಹೆಚ್ಚಿತೇ ಹೊರತು ಊಟದ ಕ್ರಮ ಬಹಳ ಬದಲಾಗಲಿಲ್ಲ.

ಮನೆಗಳ ಮೇಲಿನ ಮಣ್ಣಿನ ಮಾಳಿಗೆಗಳನ್ನೂ ಇಲ್ಲಿ ನೆನೆಯಬೇಕು. ಮಲೆನಾಡಿನ ಇಳಿಜಾರು ಹಂಚಿನ ಮನೆಯ ಮೇಲೆ ಏನನ್ನೂ ಹರವಲಾಗದು. ಈ ಸೀಮೆಯ ಚಪ್ಪಟೆ ಮಾಳಿಗೆಯಾದರೋ ಬ್ಯಾಸಗಿಯ ಎರಡು ತಿಂಗಳು ಅಡುಗೆಮನೆಯ ಮೇಲುಪ್ಪರಿಗೆಯೇ ಆಗಿಬಿಡುತ್ತದೆ: ಶ್ಯಾವಿಗೆ, ಹಪ್ಪಳ, ಸಂಡಿಗೆ, ಉಪ್ಪು ಹಚ್ಚಿದ ಹುಣಸೆ, ತೊಟ್ಟು ಮುರಿದ ಮೆಣಸಿನಕಾಯಿ ಎಲ್ಲವೂ ಅಲ್ಲಿ ಕಾಯುತ್ತ ಬಿದ್ದಿರುತ್ತವೆ.

ಮೊದಲಿಗೆ ಜೋಳವನ್ನು ತೆಗೆದುಕೊಳ್ಳೋಣ. ಏಕೆಂದರೆ ಉಳಿದವೆಲ್ಲ ಅದರ ಪರಿವಾರ. ಬಿಳಿಜೋಳದ ರೊಟ್ಟಿಯನ್ನು ಕಲ್ಪಾಂತರದಿಂದ ಬಂದುದೆಂದು ಭಾವಿಸುವ ನಮ್ಮ ರೈತನಿಗೆ ಅದರ ತವರು ಈಶಾನ್ಯ ಆಫ್ರಿಕವೆಂದರೆ ನಂಬಿಕೆ ಬಾರದು. ಪೂರ್ವ ಸುಡಾನಿನ ಕಸ್ಸಲಾ ಪಟ್ಟಣದ ಆಸುಪಾಸಿನಲ್ಲಿ ದೊರೆತ, ಸುಮಾರು ಐದು ಸಾವಿರ ವರ್ಷಗಳಷ್ಟು ಹಳೆಯ ಮಡಕೆಗಳ ಚೂರುಗಳಲ್ಲಿ, ಜೇಡಿಮಣ್ಣಿಗೆ ಕಲಸಿದ್ದ ಜೋಳದ ಹೊಟ್ಟಿನ ಅಚ್ಚುಗಳು ಉಳಿದಿದ್ದು, ಆ ಕಾಲಕ್ಕೆ ಕಾಡುಜೋಳ ಬೇಸಾಯದ ಜೋಳವಾಗುತ್ತಿತ್ತೆಂಬುದನ್ನು ವಿದ್ವಾಂಸರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿಕೊಟ್ಟಿದ್ದಾರೆ. ಅಲ್ಲಿಂದ ಅದು ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಭಾರತಕ್ಕೆ ಬಂದಿತು. ಅಷ್ಟು ಹಳೆಯ ಅತಿಥಿಯನ್ನು ಅತಿಥಿಯೆಂದು ಕರೆಯುವುದು ಉಪಚಾರದ ಮಾತಾದೀತು.

ಸುಡಾನಿನ ಜನ ಜೋಳದ ಹಿಟ್ಟನ್ನು ಹುಳಿಬರಿಸಿ, ತೆಳ್ಳಗೆ ಕಾವಲಿಯ ಮೇಲೆ ಹರಡಿ, ಕಾಗದದಂತಹ ಕಿಸ್ರಾ ಎಂಬ ರೊಟ್ಟಿಯನ್ನು ಮಾಡುತ್ತಾರೆ. ನಮ್ಮವರು ಹುಳಿಯ ದಾರಿಯನ್ನು ಅಂಬಲಿಗೆ ಬಿಟ್ಟು, ರೊಟ್ಟಿಗೆ ಎಸರಿನ ದಾರಿಯನ್ನು ಹಿಡಿದರು. ಗೋದಿಯ ಹಿಟ್ಟಿಗೆ ಇರುವ ಅಂಟು ಜೋಳದ ಹಿಟ್ಟಿಗೆ ಇಲ್ಲ. ತಣ್ಣೀರಿನಲ್ಲಿ ಕಲಸಿದರೆ ಅದು ಬಿರಿದು ಹೋಗುತ್ತದೆ. ಕುದಿಯುವ ಎಸರನ್ನು ಹೊಯ್ದಾಗ ಹಿಟ್ಟಿನೊಳಗಿನ ಪಿಷ್ಟ ಒಡನೆಯೇ ಬೆಂದು ಅಂಟಾಗುತ್ತದೆ. ಆ ಬಿಸಿ ಆರುವುದರೊಳಗೆ ನಾದಿ, ಕೈಯಿಂದ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಬೇಕು. ರೊಟ್ಟಿ ಬಡಿಯುವ ಆ ಲಯಬದ್ಧವಾದ ಸದ್ದಿನ ಹಿಂದೆ ಇರುವುದು ಅವಸರ. ಹಾಗೆ ಬೆಂದುದನ್ನು ಉರಿಯ ಮಗ್ಗುಲಲ್ಲಿ ಒರಗಿಸಿ ತೇವವೆಲ್ಲ ಹೋಗುವಂತೆ ಒಣಗಿಸಿದರೆ ಅದು ಖಡಕ್ ರೊಟ್ಟಿ. ಜಾತ್ರೆಗೂ, ಪಂಢರಪುರದ ವಾರಿಗೂ, ಮುಂಬಯಿ ಪುಣೆಗಳ ಸಂತೆಗೆ ಸೀರೆಯ ಗಂಟು ಹೊತ್ತು ಹೋಗುವ ವ್ಯಾಪಾರಿಗೂ ಅದೇ ಬುತ್ತಿ.

ಕಾಳನ್ನು ಕಾಯ್ದಿಡುವಲ್ಲಿಯೂ ಎರಡು ದೇಶಗಳ ಬುದ್ಧಿ ಒಂದೇ ಬಗೆಯಾಗಿ ಓಡಿದೆ. ಸುಡಾನಿನಲ್ಲಿ ಜೋಳವನ್ನು ಮತ್ಮೂರಾ ಎಂಬ ನೆಲದ ಗುಂಡಿಗಳಲ್ಲಿ ಹೂಳಿಡುತ್ತಾರೆ. ನಮ್ಮಲ್ಲಿ ಅದಕ್ಕೆ ಹಗೇವು ಎಂದು ಹೆಸರು. ಆಳವಾದ ಕುಣಿಯ ಒಳಮೈಗೆ ಹುಲ್ಲು ಹೊದಿಸಿ, ಚೆನ್ನಾಗಿ ಒಣಗಿದ ಜೋಳವನ್ನು ತುಂಬಿ, ಬಾಯಿಗೆ ಕಲ್ಲು ಮಣ್ಣು ಮೆತ್ತಿಬಿಟ್ಟರೆ, ಒಳಗಿನ ಕಾಳು ತಾನೇ ಉಸಿರಾಡಿ ಅಲ್ಲಿನ ಪ್ರಾಣವಾಯುವನ್ನು ಮುಗಿಸುತ್ತದೆ. ಹುಳುಗಳು ಸಾಯುತ್ತವೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಹಗೇವು ತೆರೆದ ಕೂಡಲೆ ಅವಸರದಿಂದ ಒಳಗೆ ಇಳಿದು ಪ್ರಾಣ ಕಳೆದುಕೊಂಡವರಿದ್ದುದರಿಂದಲೇ, ಮೊದಲು ದೀಪವನ್ನಿಳಿಸಿ ನೋಡುವ ರೂಢಿ ಬಂದಿತು. ನಾಲೆಯ ನೀರು ಬಂದು ನೆಲದೊಳಗೆ ತೇವ ಏರಿದ ಕಡೆಗಳಲ್ಲಿ ಈ ಕುಣಿಗಳು ಕೆಲಸಕ್ಕೆ ಬಾರದೆ ಹೋದವು.

ಒಣಗಿಸುವ ಈ ಹಟಕ್ಕೆ ಒಂದು ಮನೋಹರವಾದ ಅಪವಾದವಿದೆ. ಹಿಂಗಾರಿ ಜೋಳ ಹಾಲುತುಂಬಿ ಗಟ್ಟಿಯಾಗುವ ಮೊದಲು, ಎಳೆಯ ತೆನೆಗಳನ್ನು ಕಿತ್ತು ಹೊಲದಲ್ಲಿಯೇ ಕೆಂಡದಲ್ಲಿ ಸುಟ್ಟು, ಬಿಸಿಯಾಗಿರುವಾಗಲೇ ಉಜ್ಜಿ ಕಾಳು ಉದುರಿಸಿ ತಿನ್ನುವ ಸೀತನಿಯ ಕಾಲ ಅದು. ಪಕ್ಕದಲ್ಲಿ ಬೆಲ್ಲ, ಮೊಸರು, ಮತ್ತೆ ಅದೇ ಹಿಂಡಿ. ಅರಬರು ಹಸಿಗೋದಿಯ ತೆನೆಯನ್ನು ಹೀಗೆಯೇ ಸುಟ್ಟು ಉಜ್ಜಿ ಫ್ರೀಕೆ ಮಾಡುತ್ತಾರಾದರೂ ಅದನ್ನು ಒಣಗಿಸಿ ಚೀಲಕ್ಕೆ ತುಂಬಿ ಪರದೇಶಗಳಿಗೂ ಕಳಿಸುತ್ತಾರೆ. ನಮ್ಮ ಸೀತನಿಗೆ ಆ ವ್ಯಾಪಾರಬುದ್ಧಿ ಬರಲಿಲ್ಲ. ಹೊಲದ ಬದುವಿನ ಮೇಲೆ ಕುಳಿತು ತಿಂದರೆ ಉಂಟು, ಇಲ್ಲವಾದರೆ ಮುಂದಿನ ವರ್ಷ.

ಇನ್ನು ಗುರೆಳ್ಳು. ಮೈಸೂರು ಸೀಮೆಯವರು ಹುಚ್ಚೆಳ್ಳೆಂದು ಕರೆಯುವ, ಸೂಜಿಯ ಮೊನೆಯಂತೆ ತೆಳ್ಳಗೆ ಕಪ್ಪಾಗಿರುವ ಈ ಕಾಳಿಗೆ ಇಥಿಯೋಪಿಯದ ಎತ್ತರದ ನಾಡು ಜನ್ಮಭೂಮಿ. ಅಲ್ಲಿ ಅದಕ್ಕೆ ನೂಗ್ ಎಂದು ಹೆಸರು. ಅಲ್ಲಿನ ಮನೆಗಳ ಮುಖ್ಯವಾದ ಅಡುಗೆಯೆಣ್ಣೆ ಬಹುಕಾಲದಿಂದ ಅದರದೇ. ಅಲ್ಲಿನ ಸನಾತನ ಕ್ರೈಸ್ತರು ವರ್ಷದಲ್ಲಿ ಬಹುದಿನ ಹಾಲು, ಬೆಣ್ಣೆ, ಮಾಂಸಗಳನ್ನು ವರ್ಜಿಸಿ ವ್ರತವನ್ನು ಆಚರಿಸುವರಷ್ಟೆ. ಆ ದಿನಗಳಲ್ಲಿ ನೂಗನ್ನೂ, ತೆಲ್ಬಾ ಎಂದು ಅವರು ಕರೆಯುವ ಅಗಸಿಯನ್ನೂ ಹುರಿದು ಕುಟ್ಟಿ, ನೀರಿನಲ್ಲಿ ಕದಡಿ, ರೊಟ್ಟಿಯ ಚೂರುಗಳನ್ನು ಅದರಲ್ಲಿ ನೆನೆಸಿ ಉಣ್ಣುತ್ತಾರೆ. ಜೋಳ, ಗುರೆಳ್ಳುಗಳ ಮೂಲಸ್ಥಾನಗಳೆರಡೂ ನೆರೆಹೊರೆಯವು. ಅಲ್ಲಿ ಹೊಂದಿಕೊಂಡು ಬಾಳಿದ ಕಾಳುಗಳು ಸಮುದ್ರ ದಾಟಿ ಬಂದು ಕೃಷ್ಣೆಯ ದಂಡೆಯ ಮೇಲೆ ಒಂದೇ ಗಂಗಾಳದಲ್ಲಿ ಮತ್ತೆ ಕೂಡಿದುದನ್ನು ಕಂಡಾಗ, ಆ ಸಂಯೋಗ ಕೇವಲ ಆಕಸ್ಮಿಕವಲ್ಲವೆಂದೇ ನನ್ನ ಭಾವನೆ. ಒಂದೇ ಬಗೆಯ ಬಿಸಿಲು ಒಂದೇ ಬಗೆಯ ಬೆಳೆಗಳನ್ನು ಕೇಳುತ್ತದೆ. ಇದೇ ಗುರೆಳ್ಳನ್ನು ಅಮೆರಿಕದವರು ಹಡಗುಗಳಲ್ಲಿ ತರಿಸಿಕೊಂಡು, ಮೊಳೆಯದಂತೆ ಕಾವು ಕೊಟ್ಟು, ಹಿತ್ತಿಲಿನ ಹಕ್ಕಿಗಳಿಗೆ ಹಾಕುತ್ತಾರೆ! ಅಲ್ಲಿನ ಗುಬ್ಬಿಗಳು ಪುಣ್ಯವಂತವೆಂದು ನಮ್ಮವರು ತಿಳಿದುಕೊಳ್ಳಬಹುದು.

ಅಗಸಿಯ ವಿಷಯದಲ್ಲಿ ನೇಕಾರರ ಊರಿಗೆ ಒಪ್ಪುವ ಒಂದು ವಿನೋದವಿದೆ. ಪಶ್ಚಿಮ ಏಷ್ಯದಲ್ಲಿ ಬೇಸಾಯಕ್ಕೆ ಬಂದ ಈ ಗಿಡದ ನಾರಿನಿಂದ ಈಜಿಪ್ತಿನವರೂ ಯುರೋಪಿನವರೂ ಸಹಸ್ರಾರು ವರ್ಷ ಲಿನೆನ್ ಬಟ್ಟೆಯನ್ನು ನೇಯ್ದರು. ಹತ್ತಿಯೂ ರೇಷ್ಮೆಯೂ ಕೈಗೆಟಕುತ್ತಿದ್ದ ನಮ್ಮ ನೇಕಾರರು ಅದರ ನಾರನ್ನು ಕಣ್ಣೆತ್ತಿಯೂ ನೋಡದೆ, ಬೀಜವನ್ನು ಮಾತ್ರ ಹುರಿದು ಕುಟ್ಟಿ ಉಂಡುಬಿಟ್ಟರು.

ಮೆಣಸಿನಕಾಯಿಯ ಕತೆ ದೀರ್ಘವಾದುದು. ಮುಧೋಳ ಕವಿಚಕ್ರವರ್ತಿ ರನ್ನನ ಊರು. ಬಳೆಗಾರರ ಮನೆಯಲ್ಲಿ ಹತ್ತನೆಯ ಶತಮಾನದಲ್ಲಿ ಹುಟ್ಟಿದ ಆ ಮಹಾಕವಿ ತನ್ನ ಜೀವಮಾನದಲ್ಲಿ ಒಂದು ಮೆಣಸಿನಕಾಯಿಯನ್ನೂ ಕಂಡವನಲ್ಲ. ಗದಾಯುದ್ಧದ ಭೀಮನ ಕೋಪಕ್ಕೆ ಖಾರ ಕೊಟ್ಟುದು ಬೇರೇನೇ ಇರಲಿ, ಕವಿಯ ತಾಯಿಯ ಒಲೆಯ ಮೇಲಿನ ಸಾರಿಗೆ ಖಾರ ಬಂದುದು ಕರಿಮೆಣಸಿನಿಂದಲೇ. ಎರಡನೆಯ ಚಾವುಂಡರಾಯನ ಲೋಕೋಪಕಾರವಾಗಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದ ಅನ್ನಭೋಗ ಪ್ರಕರಣವಾಗಲಿ, ಪಾಕವನ್ನು ಎಷ್ಟೇ ವಿಸ್ತರಿಸಿ ಹೇಳಿದರೂ ಮೆಣಸಿನಕಾಯಿಯ ಸುದ್ದಿಯನ್ನು ಎತ್ತುವಂತಿರಲಿಲ್ಲ. ಅದು ಆಗಿನ್ನೂ ಮೆಕ್ಸಿಕೊದ ಹೊಲಗಳಲ್ಲಿತ್ತು. ಬಿಜಾಪುರದ ಆದಿಲಶಾಹಿಗಳ ಕೈಯಿಂದ 1510ರಲ್ಲಿ ಗೋವೆಯನ್ನು ಕಿತ್ತುಕೊಂಡ ಪೋರ್ತುಗೀಜರು ತಂದ ಸಾಮಗ್ರಿಯಲ್ಲಿ ಅದೂ ಇತ್ತು. ಗೋವೆಯನ್ನು ಕಳೆದುಕೊಂಡ ರಾಜ್ಯದ ಹಳ್ಳಿಗಳು ಗೋವೆಯ ಮಾರ್ಗವಾಗಿ ಬಂದ ಕಾಯಿಗೆ ಸೋತವು.

ಅದು ಗೆದ್ದುದಕ್ಕೆ ಕಾರಣ ಸ್ಪಷ್ಟವಾಗಿದೆ. ಕರಿಮೆಣಸಿನ ಬಳ್ಳಿ ಮಲೆನಾಡಿನ ತೇವವನ್ನೂ ನೆರಳನ್ನೂ ಬೇಡುತ್ತದೆ; ಎರೆಭೂಮಿಯ ರೈತನಿಗೆ ಅದು ದುಡ್ಡು ಕೊಟ್ಟು ತರಬೇಕಾದ ವಸ್ತು. ಮೆಣಸಿನಕಾಯಿಯಾದರೋ ಅವನ ಹೊಲದ ಬದುವಿನಲ್ಲಿಯೇ ಬೆಳೆದು, ಅವನ ಮಾಳಿಗೆಯ ಮೇಲೆಯೇ ಒಣಗಿ, ಅವನ ಹೆಂಡತಿಯ ಒಳ್ಳಿನಲ್ಲಿಯೇ ಪುಡಿಯಾಯಿತು. ಮಣೆಯಲ್ಲಿ ಕುಳಿತಿದ್ದಾತನು ದುಬಾರಿಯಾಗಿದ್ದನು. ಬಂದಾತನು ಬಡವನಿಗೆ ನಿಲುಕಿದನು. ಹಳಬನ ಹೆಸರನ್ನೂ ಹೊಸಬನೇ ಹೊತ್ತುಕೊಂಡದ್ದು ಕನ್ನಡದಲ್ಲಿ ಮಾತ್ರ ನಡೆದುದಲ್ಲ. ಸ್ಪೇನಿನಲ್ಲಿಯೂ ಹಂಗೇರಿಯಲ್ಲಿಯೂ ಹೀಗೆಯೇ ಆಯಿತು. ಆ ಹಂಗೇರಿಯ ಸೆಗೆದ್ ಪಟ್ಟಣದಲ್ಲಿ ಊರ ಮಂದಿ ದಾರಕ್ಕೆ ಪೋಣಿಸಿ ಗೋಡೆಗೆ ತೂಗುಹಾಕುತ್ತಿದ್ದ ಪಾಪ್ರಿಕಾ ಮೆಣಸಿನಕಾಯಿಯಿಂದಲೇ ಸೆಂಟ್ ಗ್ಯೋರ್ಗಿ ಎಂಬ ವಿಜ್ಞಾನಿ ಸಿ ಜೀವಸತ್ವವನ್ನು ರಾಶಿರಾಶಿಯಾಗಿ ಬೇರ್ಪಡಿಸಿ, 1937ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದನು.

ರಬಕವಿಯ ಮನೆಗಳಿಗೆ ಮೆಣಸಿನಕಾಯಿ ಎರಡು ರೂಪದಲ್ಲಿ ಬರುತ್ತದೆ. ಒಣಗಿಸಿದ್ದು ಮಸಾಲೆಖಾರವಾಗುತ್ತದೆ: ಬಣ್ಣಕ್ಕೆ ಬ್ಯಾಡಗಿಯದು, ಚುರುಕಿಗೆ ಸಂಕೇಶ್ವರದ್ದೋ ಗುಂಟೂರಿನದೋ, ಜತೆಗೆ ಒಣಕೊಬ್ಬರಿ, ಕೊತ್ತಂಬರಿ ಕಾಳು, ಕಲ್ಲುಹೂವು, ಮಲುಕು ದ್ವೀಪಗಳನ್ನು ತವರಾಗುಳ್ಳ ಲವಂಗ, ಅಫಘಾನಿಸ್ತಾನದ ಇಂಗು. ಹಣ್ಣಾದ ಹಸಿಯ ಕಾಯಿಯಾದರೆ ಅದು ಕೆಂಪು ಹಿಂಡಿ, ಅಥವಾ ರಂಜಕ. ಕೆಂಪು ಮೆಣಸಿನಹಣ್ಣನ್ನು ಉಪ್ಪು, ಬಳ್ಳೊಳ್ಳಿ, ಜೀರಿಗೆ, ಮೆಂತ್ಯ, ಲಿಂಬಿಯ ರಸಗಳೊಡನೆ ರುಬ್ಬಿ ಭರಣಿಯಲ್ಲಿ ತುಂಬಿಟ್ಟರೆ ಅದು ದಿನ ಕಳೆದಂತೆ ಹುಳಿಯೇರಿ ಪಕ್ವವಾಗುತ್ತದೆ. ಮರಾಠಿಯಲ್ಲಿ ರಂಜಕವೆಂದರೆ ತೋಪಿನ ಕಿವಿಗೆ ಹಾಕಿ ಬೆಂಕಿ ತಾಗಿಸುವ ಮದ್ದು ಎಂಬುದನ್ನು ಬಲ್ಲವರು, ಮೊದಲ ತುತ್ತನ್ನು ಬಾಯಿಗಿಟ್ಟೊಡನೆ, ಹೆಸರಿಟ್ಟವರ ಅನುಭವವನ್ನು ಮೆಚ್ಚದೆ ಇರಲಾರರು.

ಟ್ಯುನೀಸಿಯದ ಹರಿಸ್ಸಾ ಈ ರಂಜಕದ ಸೋದರಿ. ಬಿಸಿಲಿಗೆ ಒಣಗಿಸಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ, ಶಾಹಿಜೀರಿಗೆಯನ್ನು ಹೋಲುವ ಕಾಳು, ಉಪ್ಪು. ಮೇಲೆ ಆಲಿವ್ ಎಣ್ಣೆ. ಸ್ಪೇನಿನವರು 1535ರಿಂದ 1574ರವರೆಗೆ ಟ್ಯೂನಿಸ್ ಪಟ್ಟಣವನ್ನು ಹಿಡಿದಿದ್ದ ಕಾಲದಲ್ಲಿ ಅಲ್ಲಿಗೆ ಮೆಣಸಿನಕಾಯಿ ಹೋಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಒಂದು ಪರ್ಯಾಯದ್ವೀಪದ ಎರಡು ರಾಜ್ಯಗಳ ದಂಡಯಾತ್ರೆಗಳು, ಸ್ವಲ್ಪ ಹೆಚ್ಚುಕಡಿಮೆ ಒಂದೇ ತಲೆಮಾರಿನಲ್ಲಿ, ಬಿಸಿಲಿನ ಎರಡು ದೇಶಗಳಿಗೆ ಒಂದೇ ಕಾಯಿಯನ್ನು ಕೊಟ್ಟವು. ಆ ಎರಡು ದೇಶಗಳ ಹೆಂಗಸರು ಪರಸ್ಪ‍ರ ಸುದ್ದಿಯಿಲ್ಲದೆಯೇ ಅದಕ್ಕೆ ಬೆಳ್ಳುಳ್ಳಿ ಉಪ್ಪು ಸೇರಿಸಿ ಕುಟ್ಟಿದರು. ಹರಿಸ್ಸಾ 2022ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಯನ್ನು ಸೇರಿತು. ರಂಜಕ ಇನ್ನೂ ಭರಣಿಯಲ್ಲಿಯೇ ಇದೆ. ಅದಕ್ಕೆ ಅಲ್ಲಿ ಯಾವ ಕುಂದೂ ಇಲ್ಲ.

ಶೇಂಗಾ ಬಂದ ದಾರಿಯೂ ಅಮೆರಿಕದಿಂದಲೇ. ಆದರೆ ದಕ್ಷಿಣದ ಖಂಡದಿಂದ, ಬೊಲಿವಿಯದ ಬೆಟ್ಟಗಳ ತಪ್ಪಲಿನಿಂದ. ಪೆರು ದೇಶದ ಸಿಪಾನ್ ಎಂಬಲ್ಲಿ 1987ರಲ್ಲಿ ಅಗೆದು ತೆಗೆದ ಪುರಾತನ ಒಡೆಯನೊಬ್ಬನ ಸಮಾಧಿಯಲ್ಲಿ, ಅವನ ಕೊರಳಿಗೆ ಶೇಂಗಾಕಾಯಿಯ ಆಕಾರದ ದೊಡ್ಡ ಮಣಿಗಳ ಹಾರವಿತ್ತು, ಬಲಗಡೆಯವು ಬಂಗಾರದವು, ಎಡಗಡೆಯವು ಬೆಳ್ಳಿಯವು. ನಮ್ಮಲ್ಲಿ ಅದು ಕೊರಳಿಗೇರಲಿಲ್ಲವಾದರೂ ಬದುಕಿಗೆ ಏರಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ದಕ್ಷಿಣ ಭಾರತದ ಶೇಂಗಾ ಫ್ರಾನ್ಸಿನ ಮಾರ್ಸೇಲ್ಸ್ ರೇವಿಗೆ ಸಾಬೂನಿನ ಕಾರಖಾನೆಗಳಿಗಾಗಿ ಹಡಗೇರಿತು. ಹಡಗೇರದೆ ಉಳಿದುದು ಹಿಂಡಿಯಾಗಿ, ಹೋಳಿಗೆಯ ಹೂರಣವಾಗಿ, ಮುಳಗಾಯಿಯ ಹೊಟ್ಟೆಯೊಳಗಿನ ಮಸಾಲೆಯಾಗಿ ಮನೆಯಲ್ಲಿ ನಿಂತಿತು. ಎಳ್ಳಿನ ಪಕ್ಕದಲ್ಲಿ ಅದಕ್ಕೆ ಸುಲಭವಾಗಿ ಜಾಗ ದೊರೆತುದು, ಅಗ್ಗವಾದುದರಿಂದಲೂ ಒಣಗುವ ಗುಣದಿಂದಲೂ. ಒಣಗುವುದು ಇಲ್ಲಿ ರುಚಿಯ ಮಾತಷ್ಟೇ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ 1960ರಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಾಗ, ವಿಜ್ಞಾನಿಗಳು ಹುಡುಕಿ ಹುಡುಕಿ ಅವು ತಿಂದಿದ್ದ, ಎಣ್ಣೆ ತೆಗೆದುಳಿದ ಬ್ರೆಜಿಲಿನ ಶೇಂಗಾ ಹಿಂಡಿಗೆ ಬಂದು ಮುಟ್ಟಿದರು. ತೇವದಲ್ಲಿ ಬೂಷ್ಟು ಹಿಡಿದ ಕಾಳಿನಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಲೋಕಕ್ಕೆ ಗೊತ್ತಾದುದು ಹಾಗೆ. ಶೇಂಗಾವನ್ನು ಗಲಗಲ ಸದ್ದಾಗುವ ತನಕ ಒಣಗಿಸದೆ ಒಳಗೆ ತರಬಾರದೆಂದು ಮಾಳಿಗೆಯ ಮೇಲೆ ಗದರಿಸುತ್ತಿದ್ದ ಅಜ್ಜಿಯರಿಗೆ ವಿಷದ ಹೆಸರು ತಿಳಿದಿರಲಿಲ್ಲ.

ಮುಳಗಾಯಿಯ ಮಾತು ಬಂದುದರಿಂದ ಹೇಳುತ್ತೇನೆ: ಅದು ಈ ಗಂಗಾಳದಲ್ಲಿ ಮನೆಯ ಮಗ, ಭರತಖಂಡದಿಂದ ಹೊರಟು ಪಾರಸಿಕರ, ಅರಬರ ಕೈಹಿಡಿದು ಸ್ಪೇನಿನವರೆಗೆ ಹೋದುದು. ತುರ್ಕರು ಅದರ ಹೊಟ್ಟೆ ಸೀಳಿ ಉಳ್ಳಾಗಡ್ಡಿ ತುಂಬಿ ಎಣ್ಣೆಯಲ್ಲಿ ಬೇಯಿಸಿ, ‘ಇಮಾಮನು ಮೂರ್ಛೆ ಹೋದನು’ ಎಂಬರ್ಥದ ಹೆಸರನ್ನು ಅದಕ್ಕೆ ಇಟ್ಟರು. ನಮ್ಮ ಎಣ್ಣೆಗಾಯಿಯಲ್ಲಿ ಶೇಂಗಾ, ಗುರೆಳ್ಳು, ಎಳ್ಳು, ಖಾರ, ಹುಣಸೆಹುಳಿ, ಬೆಲ್ಲ ಸೇರುವುದರಿಂದ ಉಂಡವರು ಮೂರ್ಛೆಯನ್ನು ಮುಂದಕ್ಕೆ ಹಾಕಿ ಇನ್ನೊಂದು ರೊಟ್ಟಿ ಕೇಳುತ್ತಾರೆ.

ಇಷ್ಟು ಸತ್ಕಾರ ಎಲ್ಲರಿಗೂ ದೊರೆಯಲಿಲ್ಲ. ಟೊಮ್ಯಾಟೊ ಹಣ್ಣನ್ನು ನೋಡಿರಿ. ಸಿಸಿಲಿಯವರು ಅದರ ರಸವನ್ನು ಹಲಗೆಯ ಮೇಲೆ ಹರಡಿ ಬಿಸಿಲಿಗೆ ಗಟ್ಟಿಯಾಗಿಸಿ ವರ್ಷಕ್ಕೆ ಇಡುತ್ತಾರೆ. ಅದಕ್ಕಿಂತ ಉಗ್ರವಾದ ಬಿಸಿಲು ರಬಕವಿಯಲ್ಲಿದ್ದೂ ಆ ಯೋಚನೆ ಯಾರಿಗೂ ಬರಲಿಲ್ಲ, ಬೇಕಾಗಿರಲಿಲ್ಲ. ಹುಳಿಯ ಮಣೆಯಲ್ಲಿ ಹುಣಸೆ, ಮಜ್ಜಿಗೆ, ಪುಂಡಿಪಲ್ಯ ಮೂವರೂ ಆಗಲೇ ಕಾಲು ಚಾಚಿ ಕುಳಿತಿದ್ದರು. ಹುಣಸೆಯೂ ಪುಂಡಿಯೂ ಆಫ್ರಿಕದ ಮೂಲದವೇ ಆದರೂ ಅವು ಬಂದು ಕುಳಿತು ಯುಗಗಳು ಸಂದಿದ್ದವು. ತಡವಾಗಿ ಬಂದ ಟೊಮ್ಯಾಟೊ ಕೋಸಂಬರಿಯಲ್ಲಿ, ಹೋಟೆಲಿನ ಸಾರಿನಲ್ಲಿ ದಿನಗಳೆಯುತ್ತಿದೆ. ಹಿಂಡಿಯ ಡಬ್ಬಿಯೊಳಗೆ ಅದಕ್ಕೆ ಇಂದಿಗೂ ಪ್ರವೇಶವಿಲ್ಲ.

ಗೋವಿನಜೋಳದ ಗತಿ ಇನ್ನೂ ವಿಚಿತ್ರ. ಅದು ಒಣಗುತ್ತದೆ, ಬಾಳುತ್ತದೆ, ನಮ್ಮ ಮಣ್ಣಿನಲ್ಲಿ ಸೊಂಪಾಗಿ ಬೆಳೆಯುತ್ತದೆ. ಆದರೆ ಅದು ಕೂಡಬೇಕಾದ ಮಣೆಯಲ್ಲಿ ಬಿಳಿಜೋಳವಿತ್ತು. ಅದಲ್ಲದೆ ಮೆಕ್ಸಿಕೊದ ಜನ ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಸಿಪ್ಪೆ ಕಳೆದು, ರುಬ್ಬಿ, ತೋರ್ತಿಯಾ ಎಂಬ ರೊಟ್ಟಿ ಬಡಿಯುತ್ತಿದ್ದ ಜಾಣ್ಮೆ, ಕಾಳಿನೊಡನೆ ಸಮುದ್ರವನ್ನು ದಾಟಲಿಲ್ಲ. ಆ ಸುಣ್ಣದ ಸಂಸ್ಕಾರವಿಲ್ಲದೆ ಅದನ್ನೇ ನಂಬಿ ಉಂಡ ಸ್ಪೇನ್, ಇಟಲಿಗಳ ಬಡವರಿಗೆ ಚರ್ಮ ಸುಲಿದು ಬುದ್ಧಿ ಕದಡುವ ಪೆಲಗ್ರಾ ರೋಗ ಬಂದಿತು. ಅದನ್ನು ಮೊದಲು ಗುರುತಿಸಿ 1735ರಲ್ಲಿ ವಿವರಿಸಿದವನು ಕಸಾಲ್ ಎಂಬ ಸ್ಪೇನಿನ ವೈದ್ಯ. ನಮ್ಮ ಜೋಳವೂ ಈ ದೋಷದಿಂದ ಪೂರ್ತಿ ಮುಕ್ತವಲ್ಲವೆಂಬುದನ್ನು ಮರೆಯಲಾಗದು: ದಖ್ಖಣದಲ್ಲಿ ಬರಿಯ ಜೋಳವನ್ನುಂಡು ಬದುಕುವ ಬಡವರಲ್ಲಿಯೂ ಪೆಲಗ್ರಾ ಕಾಣಿಸುವುದನ್ನು ಡಾ. ಸಿ. ಗೋಪಾಲನ್ 1960ರ ಸುಮಾರಿಗೆ ಅಭ್ಯಸಿಸಿ ಬರೆದರು. ಜೋಳದ ರೊಟ್ಟಿಯ ಪಕ್ಕದಲ್ಲಿ ಶೇಂಗಾ ಹಿಂಡಿಯೋ ಕಾಳುಪಲ್ಯವೋ ಇರಬೇಕಾದುದು ನಾಲಿಗೆಯ ಚಾಪಲ್ಯಕ್ಕೆ ಮಾತ್ರವಲ್ಲ. ಆ ರೋಗವನ್ನು ದೂರವಿಡುವ ನಯಾಸಿನ್ ಎಂಬ ಜೀವಸತ್ವ ಶೇಂಗಾದಲ್ಲಿ ಧಾರಾಳವಾಗಿದೆ. ಗೋವಿನಜೋಳವಂತೂ ಇಲ್ಲಿ ಹೆಸರಿಗೆ ತಕ್ಕಂತೆ ದನಕ್ಕೂ, ಕೋಳಿಗೂ, ಪಿಷ್ಟದ ಕಾರಖಾನೆಗೂ ಹೋಯಿತು. ನೂಲಿಗೆ ಗಂಜಿ ಹಾಕುವಲ್ಲಿ ಆ ಪಿಷ್ಟವನ್ನು ಬಳಸುವುದು ಜವಳಿಲೋಕದಲ್ಲಿ ಸಾಮಾನ್ಯವಾದುದರಿಂದ, ನೇಕಾರನು ಗಂಗಾಳಕ್ಕೆ ಕರೆಯದ ಅತಿಥಿ ಮಗ್ಗದ ಹಾಸಿಗೆ ಬಂದು ಸೇರಿತೆನ್ನಬಹುದು.

ವರ್ಷದಲ್ಲಿ ಕೆಲವು ದಿನ ಮಾತ್ರ ಈ ಹೊರಗಿನವರಿಗೆ ಸಿಂಹಾಸನವೇ ದೊರೆಯುತ್ತದೆ. ಅವು ಉಪವಾಸದ ದಿನಗಳು. ಆಷಾಢ ಏಕಾದಶಿಯಂದೋ ಶಿವರಾತ್ರಿಯಂದೋ ಅಕ್ಕಿ, ಜೋಳ, ಗೋದಿ, ಬೇಳೆಗಳನ್ನು ಮುಟ್ಟಲಾಗದ ಭಕ್ತನ ಎದುರಿಗೆ ಬರುವ ಫಲಾಹಾರವನ್ನು ಎಣಿಸಿ ನೋಡಿ: ಸಾಬೂದಾಣಿ, ಶೇಂಗಾ, ಬಟಾಟಿ, ಗೆಣಸು, ಹಸಿಮೆಣಸಿನಕಾಯಿ, ರಾಜಗೀರದ ಉಂಡಿ. ಎಲ್ಲವೂ ಅಮೆರಿಕದ ಸಂತಾನ. ಸಾಬೂದಾಣಿ ಮೊದಲು ಮಲಯ ದ್ವೀಪಗಳ ತಾಳೆಯ ತಿರುಳಿನಿಂದ ಬರುತ್ತಿದ್ದರೂ, ಎರಡನೆಯ ಮಹಾಯುದ್ಧ ಆ ಹಡಗುಗಳನ್ನು ತಡೆದಾಗ ಸೇಲಮ್ಮಿನವರು ಮರಗೆಣಸಿನಿಂದ ಅದನ್ನು ಮಾಡತೊಡಗಿದರು. ಮರಗೆಣಸು ಮತ್ತೆ ದಕ್ಷಿಣ ಅಮೆರಿಕದ್ದೇ. ಧರ್ಮಶಾಸ್ತ್ರಕಾರರು ತಮಗೆ ತಿಳಿದ ಧಾನ್ಯಗಳನ್ನೆಲ್ಲ ನಿಷೇಧಿಸಿದರು. ತಿಳಿಯದವು ತಾವಾಗಿಯೇ ಪವಿತ್ರವಾದವು. ಇವುಗಳಲ್ಲಿ ರಾಜಗೀರದ್ದು ವಿಶೇಷವಾದ ಯೋಗ. ಮೆಕ್ಸಿಕೊದ ಅಜ್ಟೆಕರು ಅದರ ಹಿಟ್ಟನ್ನು ಸಿಹಿಯ ಪಾಕದಲ್ಲಿ ಕಲಸಿ ದೇವತೆಗಳ ಮೂರ್ತಿಗಳನ್ನು ಮಾಡಿ ಪೂಜಿಸಿ, ಬಳಿಕ ಮುರಿದು ಪ್ರಸಾದವೆಂದು ಹಂಚಿಕೊಳ್ಳುತ್ತಿದ್ದರು. ಸ್ಪೇನಿನ ಪಾದ್ರಿಗಳಿಗೆ ಅದು ಸಹನೆಯಾಗದೆ ಆ ಆಚರಣೆಯನ್ನು ಹತ್ತಿಕ್ಕಿದರು. ಅಲ್ಲಿ ದೇವರಿಂದ ಬೇರ್ಪಡಿಸಿದ ಕಾಳು ಅರ್ಧ ಭೂಮಂಡಲವನ್ನು ಸುತ್ತಿ ಬಂದು, ಬನಹಟ್ಟಿಯ ವಿಠ್ಠಲಭಕ್ತನ ಕೈಯಲ್ಲಿ ಬೆಲ್ಲದೊಡನೆ ಉಂಡಿಯಾಗಿ ಕುಳಿತಿದೆ.

ಇತ್ತೀಚಿನ ಪಲ್ಲಟಗಳನ್ನು ಹೇಳದೆ ಮುಗಿಸಲಾಗದು. ನೀರಾವರಿ ಬಂದ ಮೇಲೆ ಮಹಾಲಿಂಗಪುರದ ಬೆಲ್ಲದ ಪೇಟೆಯನ್ನೂ ಸಕ್ಕರೆಯ ಕಾರಖಾನೆಗಳನ್ನೂ ನೆಚ್ಚಿ ಕಬ್ಬು ಬೆಳೆದ ಹೊಲಗಳಲ್ಲಿ ಬಿಳಿಜೋಳ ಹಿಂದೆ ಸರಿದಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳಕ್ಕೆ ಬೆಂಗಳೂರಿನ ಹೋಟೆಲುಗಳಲ್ಲಿ ಗೌರವ ಹೆಚ್ಚಿತು. ಅದೇ ಹೊತ್ತಿಗೆ ರಬಕವಿಯ ಅನೇಕ ಮನೆಗಳಲ್ಲಿ ರಾತ್ರಿಯ ಊಟಕ್ಕೆ ಗೋದಿಯ ಚಪಾತಿ ಬಂದು ಕುಳಿತಿದೆ. ರೊಟ್ಟಿ ಬಡಿದು ಪೊಟ್ಟಣ ಕಟ್ಟಿ ಮಾರುವ ಹೆಣ್ಣುಮಕ್ಕಳ ಕೇಂದ್ರಗಳು ಊರೂರಿಗೂ ಎದ್ದಿವೆ. ಅವರು ಕಟ್ಟಿದ ಖಡಕ್ ರೊಟ್ಟಿ, ಹಿಂಡಿಗಳ ಪೊಟ್ಟಣಗಳು, ಒಣಗಿದವಾದುದರಿಂದಲೇ, ಪುಣೆಗೂ ಅಮೆರಿಕಕ್ಕೂ ಮಕ್ಕಳ ಪೆಟ್ಟಿಗೆಗಳಲ್ಲಿ ಪ್ರಯಾಣ ಮಾಡುತ್ತವೆ. ಹೀಗೆ ಶೇಂಗಾ, ಮೆಣಸಿನಕಾಯಿಗಳು ತವರಿನ ಖಂಡಕ್ಕೆ ಮರಳಿ ಹೋಗುವುದೂ ಉಂಟಾಯಿತು.

ಸಂಜೆ ಪೇಟೆಯಲ್ಲಿ ತಳ್ಳುಗಾಡಿಯ ಮುಂದೆ ನಿಂತವರು ಉಣ್ಣುವ ಗೋಬಿ ಮಂಚೂರಿ ಈ ಸೀಮೆಯ ಹೊಸ ಅತಿಥಿ. ಮಂಚೂರಿಯ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ. ಕೋಳಿಯ ಮಂಚೂರಿಯನ್ನು ಮುಂಬಯಿಯಲ್ಲಿ ನೆಲ್ಸನ್ ವಾಂಗ್ ಎಂಬ ಕಲಕತ್ತೆಯ ಚೀನೀ ಅಡುಗೆಯವರು ಎಪ್ಪತ್ತರ ದಶಕದಲ್ಲಿ ಕಲ್ಪಿಸಿದರೆಂಬುದು ಪ್ರಚಲಿತವಾದ ವೃತ್ತಾಂತ. ಅದರ ಕೆಂಪಿಗೆ ಹಾನಿಕರವಾದ ಬಣ್ಣವನ್ನು ಬೆರೆಸುತ್ತಿದ್ದುದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ಕರ್ನಾಟಕ ಸರ್ಕಾರ 2024ರ ಮಾರ್ಚ್ ತಿಂಗಳಲ್ಲಿ ಕೃತಕ ಬಣ್ಣಗಳನ್ನು ನಿಷೇಧಿಸಿತು. ನೇಕಾರರ ಊರಿನಲ್ಲಿ ಬಣ್ಣದ ಬೆಲೆ ಬಲ್ಲವರು ಬಹಳ; ಬ್ಯಾಡಗಿಯ ಮೆಣಸಿನಕಾಯಿಯಿಂದ ತೆಗೆದ ಶುದ್ಧವಾದ ಕೆಂಪು ಪರದೇಶಗಳ ಆಹಾರಕ್ಕೂ ಪ್ರಸಾಧನಗಳಿಗೂ ಹೋಗುತ್ತಿರುವಾಗ, ಆ ಕಾಯಿ ಬೆಳೆಯುವ ನಾಡಿನ ತಳ್ಳುಗಾಡಿಗೆ ಕೃತಕ ಬಣ್ಣ ಬರಬೇಕಾದುದು ನಾಚಿಕೆಯ ವಿಷಯವೆಂದು ಅವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಮಂಚೂರಿಗೆ ಇಲ್ಲಿ ಕಾಯಂ ಮಣೆ ಸಿಕ್ಕೀತೋ ಇಲ್ಲವೋ ಹೇಳಲಾರೆ. ಗಾಡಿಯವನು ಪ್ರತಿಯೊಬ್ಬ ಗಿರಾಕಿಯನ್ನೂ “ಗ್ರೇವಿ ಬೇಕ್ರ್ಯೋ, ಡ್ರೈ ಬೇಕ್ರ್ಯೋ?” ಎಂದು ವಿಚಾರಿಸುತ್ತಾನೆ. ಡ್ರೈ ಎಂದು ಕೇಳುವವರೇ ಹೆಚ್ಚು.